ಗಡಿನಾಡಿನ ಕಪಾಟು: ಸೊಲ್ಲಾಪುರ–ಅಕ್ಕಲಕೋಟೆಯಲ್ಲಿ ಪರಾಮರ್ಶನ ಗ್ರಂಥಗಳು

1948ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕಾಸರಗೋಡಿನಲ್ಲಿ ನೆರೆಯಿತು. ಎರಡು ವರ್ಷಗಳ ತರುವಾಯ, 1950ರಲ್ಲಿ, ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಅದೇ ಸಮ್ಮೇಳನ ಸೊಲ್ಲಾಪುರಕ್ಕೆ ಬಂತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಒಂದು ಊರು ಕೇರಳಕ್ಕೆ ಹೋಯಿತು, ಇನ್ನೊಂದು ಮುಂಬಯಿ ರಾಜ್ಯದಲ್ಲೇ ಉಳಿಯಿತು. 1967ರ ಮಹಾಜನ ವರದಿಯು ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ನಮ್ಮ ಅಕ್ಕಲಕೋಟೆಯನ್ನೂ ಕನ್ನಡ ರಾಜ್ಯಕ್ಕೆ ಸೇರಿಸಲು ಹೇಳಿತು. ಅದು ವರದಿಯಾಗಿಯೇ ಉಳಿದಿದೆ. ಆ ಕಥೆಯನ್ನು ಈ ವಾರ್ಷಿಕದ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಇಲ್ಲಿ ಹೇಳಹೊರಟಿರುವುದು ಅದರ ಒಂದು ಸಣ್ಣ ಪರಿಣಾಮವನ್ನು ಮಾತ್ರ. ಗೆರೆಯ ಈಚೆಗೆ ಉಳಿದ ಕನ್ನಡಿಗನಿಗೆ ಒಂದು ಪದದ ಅರ್ಥ, ಒಂದು ಶಾಸನದ ಪಾಠ, ತನ್ನ ಊರಿನ ಚರಿತ್ರೆ ಬೇಕಾದಾಗ ಯಾವ ಪುಸ್ತಕ ಕೈಗೆ ಸಿಕ್ಕುತ್ತದೆ, ಯಾವುದು ಸಿಕ್ಕುವುದಿಲ್ಲ?

ಸೊಲ್ಲಾಪುರವೆಂದರೆ ಚಾದರ ಮತ್ತು ಗಿರಣಿ ಎಂದಷ್ಟೇ ತಿಳಿದವರು ಹೆಚ್ಚು. ಅದು ಅಚ್ಚಿನ ಊರೂ ಹೌದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಲ್ಲಿಯ ವಾರದ ಮನೆತನದ ಮಲ್ಲಪ್ಪ ಬಸಪ್ಪನವರು ವೀರಶೈವ ಧರ್ಮದ ಸಂಸ್ಕೃತ ಗ್ರಂಥಗಳನ್ನು ಮಾಲೆಯಾಗಿ ಅಚ್ಚು ಹಾಕಿಸಿದರು. ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಇದೇ ಊರಿನಿಂದ ಜೀವರಾಜ ಜೈನ ಗ್ರಂಥಮಾಲೆಯನ್ನು ಹೊರತಂದಿತು. ಅದರ ಸಂಪಾದಕರಲ್ಲಿ ಒಬ್ಬರು ಬೆಳಗಾವಿ ಸೀಮೆಯ ಸದಲಗಾದ ಆ. ನೇ. ಉಪಾಧ್ಯೆ. ಕರ್ನಾಟಕದ ಜೈನ ಶಾಸನಗಳನ್ನು ಅಭ್ಯಾಸ ಮಾಡುವವರು ಈಗಲೂ ಬಿಡಲಾಗದ ಪಿ. ಬಿ. ದೇಸಾಯಿಯವರ ಇಂಗ್ಲಿಷ್ ಗ್ರಂಥ 1957ರಲ್ಲಿ ಈ ಮಾಲೆಯಲ್ಲೇ ಪ್ರಕಟವಾಯಿತು. ಬೆಂಗಳೂರು ಮೈಸೂರುಗಳ ವಿದ್ವಾಂಸರು ತಮ್ಮ ನಾಡಿನ ಶಾಸನ ನೋಡಲು ಸೊಲ್ಲಾಪುರದ ಪುಸ್ತಕ ತೆರೆಯಬೇಕಾದ ಕಾಲವೊಂದಿತ್ತು ಎಂಬುದನ್ನು ನೆನೆದರೆ ಗಡಿನಾಡಿಗನಿಗೆ ಕೊಂಚ ಹೆಮ್ಮೆಯಾದರೆ ತಪ್ಪಲ್ಲ.

ಕಾಸರಗೋಡಿನ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಮಂಗಳೂರಿನದು. ಗುಂಡರ್ಟರ ಮಲಯಾಳ–ಇಂಗ್ಲಿಷ್ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ, ಎರಡೂ ಅಲ್ಲಿಯ ಬಾಸೆಲ್ ಮಿಶನ್ನಿನಿಂದ ಹೊರಬಂದವು. ಒಂದೇ ಊರಿನಿಂದ ಎರಡು ಭಾಷೆಗಳ ದೊಡ್ಡ ನಿಘಂಟುಗಳು ಬಂದದ್ದು ಆಕಸ್ಮಿಕವಲ್ಲ. ಆಗ ಅಲ್ಲಿ ರಾಜ್ಯದ ಗೆರೆ ಇರಲಿಲ್ಲ. ನಮ್ಮ ಕಡೆಗೆ ಮರಾಠಿಯ ಅಧಿಕಾರಸ್ಥ ಕೋಶವೆಂದರೆ ಮೋಲ್ಸ್‌ವರ್ತ್‌ನದು. ಅದರ ಎರಡನೆಯ ಆವೃತ್ತಿ 1857ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು.

1956ರ ಬಳಿಕ ದೊಡ್ಡ ಕೆಲಸಗಳೆಲ್ಲ ಆಯಾ ರಾಜ್ಯದೊಳಗೆ ನಡೆದವು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 1969ರಲ್ಲಿ ಆರಂಭವಾಗಿ 2004ರಲ್ಲಿ ಹದಿನಾಲ್ಕು ಸಂಪುಟಗಳಿಗೆ ಮುಗಿಯಿತು. ಮರಾಠಿ ವಿಶ್ವಕೋಶದ ಮೊದಲ ಸಂಪುಟ 1976ರದು. ಇವು ಸರಕಾರಗಳು ಮೆಚ್ಚಿಕೊಳ್ಳಬೇಕಾದ ಕಾರ್ಯಗಳೇ. ಆದರೆ ಅಕ್ಕಲಕೋಟೆಯ ಕನ್ನಡ ಶಾಲೆಯ ಮಾಸ್ತರನಿಗೆ ಪರಿಷತ್ತಿನ ನಿಘಂಟು ನೋಡಬೇಕಾದರೆ ಗಡಿ ದಾಟಿ ವಿಜಯಪುರಕ್ಕೋ ಕಲಬುರ್ಗಿಗೋ ಹೋಗುವುದೇ ಲೇಸಾಗಿತ್ತು. ಮಹಾರಾಷ್ಟ್ರದ ಗ್ರಂಥಾಲಯಗಳು ಸಹಜವಾಗಿ ಮರಾಠಿ ಪುಸ್ತಕಗಳನ್ನು ಮೊದಲು ಕೊಳ್ಳುತ್ತವೆ. ಇದರಲ್ಲಿ ಯಾರ ದ್ವೇಷವನ್ನೂ ಹುಡುಕಬೇಕಾಗಿಲ್ಲ. ಸೊಲ್ಲಾಪುರದ ಹಿರಾಚಂದ ನೇಮಚಂದ ವಾಚನಾಲಯದಂಥ ಸಂಸ್ಥೆಗಳ ಋಣ ಎಲ್ಲ ಭಾಷೆಯ ಓದುಗರ ಮೇಲೂ ಇದೆ.

ಈ ಸ್ಥಿತಿಯನ್ನು ಬದಲಿಸಿದ್ದು ರಾಜಕಾರಣವಲ್ಲ, ಗಣಕಯಂತ್ರ. 2019ರಲ್ಲಿ ವಿ. ಕೃಷ್ಣ ಎಂಬವರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂಡಿಹಾಕಿದ ಒಂದೂವರೆ ಲಕ್ಷ ನಮೂದುಗಳ ಕನ್ನಡ–ಇಂಗ್ಲಿಷ್ ಕೋಶವು 'ಅಲರ್' ಎಂಬ ಹೆಸರಿನಲ್ಲಿ ಅಂತರಜಾಲದಲ್ಲಿ ತೆರೆದುಕೊಂಡಿತು. ಅದನ್ನು ಹೊರತಂದ ಗೆಳೆಯರೇ ಅದಕ್ಕೂ ಮೊದಲು, 2010ರಲ್ಲಿ, ಮಲಯಾಳಕ್ಕೆ 'ಓಳಂ' ಮಾಡಿದ್ದರು. ಅದಕ್ಕೆ ಸೇರಿದ ಮಲಯಾಳ–ಮಲಯಾಳ ಪದಕೋಶವನ್ನು ಗಣಕಕ್ಕೆ ಏರಿಸಿದವರು ಮಲೇಶಿಯಾದಲ್ಲಿದ್ದ ದಾತುಕ್ ಕೆ. ಜೆ. ಜೋಸೆಫ್. ಮೋಲ್ಸ್‌ವರ್ತ್ ಮತ್ತು ಗುಂಡರ್ಟ್ ಇಬ್ಬರೂ ಶಿಕಾಗೋ ವಿಶ್ವವಿದ್ಯಾನಿಲಯದ ತಾಣದಲ್ಲಿ ಅಕ್ಷರ ಹುಡುಕಿದರೆ ಸಿಗುತ್ತಾರೆ. ಪುಣೆಯ ಬಾಲಭಾರತಿಯು ಕನ್ನಡ ಮಾಧ್ಯಮದ ಪಠ್ಯಗಳನ್ನು ಇಳಿಸಿಕೊಳ್ಳುವಂತೆ ಇಟ್ಟಿದೆ. ನಮ್ಮ ಸೊನ್ನಲಿಗೆಯ ಸಿದ್ಧರಾಮನ ವಿಷಯದಲ್ಲಂತೂ ದೊಡ್ಡ ಉಪಕಾರವೇ ಆಗಿದೆ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಿರುವ 'ವಚನ ಸಂಚಯ'ದಲ್ಲಿ ಒಂದು ಪದ ಕೊಟ್ಟರೆ ಅದು ಎಲ್ಲೆಲ್ಲಿ ಬಂದಿದೆ ಎಂಬುದನ್ನು ಯಂತ್ರ ತೋರಿಸುತ್ತದೆ. ಅಚ್ಚಿನಲ್ಲಿ ಇಂಥದೊಂದು ಸೂಚಿ ಮಾಡಲು ಒಬ್ಬ ವಿದ್ವಾಂಸನ ಅರ್ಧ ಆಯುಷ್ಯ ಬೇಕು. ಪರಾಮರ್ಶನ ಗ್ರಂಥವನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಹುಡುಕುತ್ತಾರೆ. ಹುಡುಕುವ ಕೆಲಸಕ್ಕೆ ಗಣಕವೇ ಮೇಲು ಎಂಬುದನ್ನು ಪುಸ್ತಕಪ್ರೇಮಿಗಳು ಒಪ್ಪಿಕೊಳ್ಳುವುದು ಒಳ್ಳೆಯದು.

ಆದರೆ ಗಣಕದ್ದು ಶಾಶ್ವತ ಎಂದು ನಂಬಿ ಕುಳಿತವರಿಗೆ ಎರಡು ಸಂಗತಿ ಹೇಳಬೇಕು. 1998ರಲ್ಲಿ 'ಬರಹ' ಬಂದ ಮೇಲೆ, ಅನಂತರ 'ನುಡಿ' ಬಂದ ಮೇಲೆ, ಎಷ್ಟೋ ಪುಸ್ತಕಗಳನ್ನು ಆಯಾ ತಂತ್ರಾಂಶದ ಅಕ್ಷರಕ್ರಮದಲ್ಲೇ ಬೆರಳಚ್ಚು ಮಾಡಿದರು. ಯೂನಿಕೋಡ್ ಬಳಕೆಗೆ ಬಂದಾಗ ಆ ಕಡತಗಳನ್ನು ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಎರಡನೆಯದು ಭಾರತದ ಡಿಜಿಟಲ್ ಗ್ರಂಥಾಲಯದ ಕಥೆ. ಲಕ್ಷಗಟ್ಟಲೆ ಪುಸ್ತಕಗಳ ಚಿತ್ರ ತೆಗೆದಿಟ್ಟಿದ್ದ ಆ ತಾಣ 2017ರ ಸುಮಾರಿಗೆ ನಿಂತುಹೋಯಿತು. ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಪ್ರತಿ ಉಳಿದಿದ್ದರಿಂದ ನಾವು ಬಚಾವಾದೆವು. ಬ್ಯಾಂಕಿನಲ್ಲಿ ಗುಮಾಸ್ತನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲೆಡ್ಜರು ಹೋಗಿ ಗಣಕ ಬಂದಾಗ ಲೆಡ್ಜರನ್ನು ಮರುದಿನವೇ ಯಾರೂ ರದ್ದಿಗೆ ಹಾಕಲಿಲ್ಲ. ಎರಡರ ಬಾಕಿ ತಾಳೆಯಾಗುವ ತನಕ ಎರಡನ್ನೂ ಬರೆಯಬೇಕಾಗಿತ್ತು. ಗ್ರಂಥಾಲಯಗಳು ಮಾತ್ರ ತಾಳೆ ನೋಡುವ ಮೊದಲೇ ಕಪಾಟು ಖಾಲಿ ಮಾಡಲು ಅವಸರಪಡುತ್ತವೆ. 1872ರ ಗುಂಡರ್ಟ್ ಇಂದು ತೆರೆಯ ಮೇಲೆ ಕಾಣುತ್ತಿದ್ದರೆ, ಆ ಕಾಗದವನ್ನು ಯಾರೋ ಇಷ್ಟು ಕಾಲ ಗೆದ್ದಲಿನಿಂದ ಕಾಪಾಡಿದ್ದರಿಂದ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 2018ರಲ್ಲಿ ತೆರೆದ ಗುಂಡರ್ಟ್ ಸಂಗ್ರಹವೂ ಅಲ್ಲಿಯ ಗ್ರಂಥಾಲಯ ಜೋಪಾನ ಮಾಡಿದ ಕಾಗದದ್ದೇ.

ಇವೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ವಿಷಯ ಬೇರೆ. ಗಣಕದಲ್ಲಿ ಉಚಿತವಾಗಿ ಸಿಗುವುದು ಬಹುಮಟ್ಟಿಗೆ ಹಳೆಯದು. ನಮ್ಮ ಕಾಯದೆಯ ಪ್ರಕಾರ ಗ್ರಂಥಕರ್ತ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಆದ್ದರಿಂದ ಸೊಲ್ಲಾಪುರದ ಬಗ್ಗೆ ಪ್ರಬಂಧ ಬರೆಯುವ ಕಾಲೇಜು ಹುಡುಗನ ಮೊಬೈಲಿನಲ್ಲಿ ಮೊದಲು ತೆರೆದುಕೊಳ್ಳುವುದು ಮುಂಬಯಿ ಇಲಾಖೆಯ ಗ್ಯಾಜೆಟಿಯರಿನ ಇಪ್ಪತ್ತನೆಯ ಸಂಪುಟ, 1884ರದು. ಅದರಲ್ಲಿ ಮಳೆ ಬೆಳೆ ಸಂತೆಗಳ ಅಮೂಲ್ಯ ವಿವರವುಂಟು, ನಿಜ. ಜೊತೆಗೆ ಒಂದೊಂದು ಜಾತಿಗೂ ಸಾಹೇಬರು ಕಂಡಂತೆ ಗುಣಾವಗುಣಗಳ ಪಟ್ಟಿಯೂ ಉಂಟು. ಹುಡುಗ ಎರಡನ್ನೂ ಒಂದೇ ಶ್ರದ್ಧೆಯಿಂದ ನಕಲು ಮಾಡುತ್ತಾನೆ. ಆ ಬಳಿಕದ ನೂರಕ್ಕೂ ಹೆಚ್ಚು ವರ್ಷಗಳ ಸಂಶೋಧನೆಯ ಬಹುಪಾಲು ಕಾಗದದಲ್ಲೇ ಇದೆ.

ಇದಕ್ಕೆ ಉತ್ತಮ ನಿದರ್ಶನ ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಇವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ. ಅದು 1988ರಲ್ಲಿ ಪ್ರಕಟವಾಯಿತು, ಅದೂ ಧಾರವಾಡದಿಂದ. ಮೈಸೂರಿನ 'ಎಪಿಗ್ರಾಫಿಯ ಕರ್ನಾಟಿಕಾ' ಸಂಪುಟಗಳು ಹಳೆಯ ಮೈಸೂರು ಸಂಸ್ಥಾನ, ಕೊಡಗುಗಳ ಆಚೆಗೆ ಕೈಚಾಚಿದವಲ್ಲ. ಆದ್ದರಿಂದ ನಮ್ಮ ಸೀಮೆಯ ಕಲ್ಲುಗಳಿಗೆ ಈ ಒಂದು ಸಂಪುಟವೇ ದೊಡ್ಡ ಆಸರೆ. ಇಲ್ಲಿಯ ಸಂಶೋಧಕ ಕುಂಭಾರರು ಊರೂರು ತಿರುಗಿ ಕಲ್ಲು ಹುಡುಕಿದವರು. ಭೀಮೆ ಸೀನೆ ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ ಮರಾಠಿ ಸಾಲನ್ನು ಬೆಳಕಿಗೆ ತಂದವರೂ ಅವರೇ. ಅದಕ್ಕೆ ಮೊದಲು ಆದ್ಯ ಮರಾಠಿ ಶಾಸನವೆಂದು ಶಾಲೆಗಳಲ್ಲಿ ಹೇಳುತ್ತಿದ್ದುದು ಶ್ರವಣಬೆಳಗೊಳದ ಸಾಲನ್ನು. ಎಂಥ ತಮಾಷೆ ನೋಡಿ: ಮರಾಠಿಯ ಮೊದಲ ಸಾಲಿನ ಗೌರವ ಕನ್ನಡ ನಾಡಿನ ಬೆಟ್ಟದಿಂದ ಇಳಿದು ಕನ್ನಡ ಶಾಸನಗಳೂ ತುಂಬಿರುವ ಈ ಸೀಮೆಗೇ ಬಂದು ನಿಂತಿತು! ಗಡಿಯ ಜಗಳದಲ್ಲಿ ಎರಡು ಕಡೆಯವರೂ ಕಲ್ಲುಗಳನ್ನೇ ಸಾಕ್ಷಿ ಕರೆಯುವುದರಿಂದ ಇಂಥ ಪುಸ್ತಕ ಕೈಗೆ ಸಿಗುವುದು ಅಗತ್ಯ. ಹಳೆಯ ಪುಸ್ತಕದ ಚಿತ್ರ ಮಾತ್ರ ನೋಡುವವನು ಹಳೆಯ ಉತ್ತರವನ್ನೇ ಕಲಿಯುತ್ತಾನೆ. 1988ರಲ್ಲಿ ಬದುಕಿದ್ದವರ ಕೃತಿ ಕಾಯದೆಯ ಲೆಕ್ಕದಲ್ಲಿ 2048ಕ್ಕೆ ಮೊದಲು ಮುಕ್ತವಾಗುವಂತಿಲ್ಲ. ಹಕ್ಕುಳ್ಳವರು ಮನಸ್ಸು ಮಾಡಿದರೆ ಆ ಮಾತು ಬೇರೆ: ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದುಂಟು.

ಇನ್ನು ಎರಡು ಕಪಾಟಿನಲ್ಲೂ ಕೈಗೆ ಸಿಗದ ಪುಸ್ತಕದ ಮಾತು. ನಮ್ಮ ತಾಲೂಕಿನ ರೈತ ಸಾಲಕ್ಕೆ ಬಂದಾಗ 'ಸಾತಬಾರಾ ಉತಾರ' ತರುತ್ತಾನೆ. ಅದರಲ್ಲಿ 'ಬೋಜಾ' ಏರಿದೆಯೇ ಎಂದು ಕನ್ನಡದಲ್ಲೇ ಕೇಳುತ್ತಾನೆ. ಮೋಲ್ಸ್‌ವರ್ತ್‌ನಲ್ಲಿ ಆ ಪದಕ್ಕೆ ಹೊರೆ ಎಂಬ ಅರ್ಥ ಸಿಗುತ್ತದೆ. ಗಡಿಯಾಚೆ ಇಂಡಿ, ಅಫಜಲಪುರಗಳಲ್ಲಿ ಅದೇ ಕಾಗದ 'ಪಹಣಿ', ಅದೇ ಬೋಜಾ 'ಋಣಭಾರ'. ಋಣಭಾರ ಎಂದರೆ ನಮ್ಮ ರೈತನಿಗೆ ತಿಳಿಯದು, ಬೋಜಾ ಎಂದರೆ ಅವನ ಅಫಜಲಪುರದ ಬೀಗನಿಗೆ ತಿಳಿಯದು. ಈ ಪದಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕೋಶ ನನ್ನ ಮೇಜಿನ ಮೇಲೂ ಇಲ್ಲ, ಮೊಬೈಲಿನಲ್ಲೂ ಇಲ್ಲ. ಪಹಣಿ ಪತ್ರಿಕೆಗಳು ಮಾತ್ರ ಎರಡೂ ರಾಜ್ಯಗಳಲ್ಲಿ ಗಣಕಕ್ಕೆ ಏರಿವೆ.

ಈ ವಿಷಯದಲ್ಲಿ ತಮ್ಮ ಕಡೆಯವರು ನಮಗಿಂತ ಮುಂದಿದ್ದಾರೆ. ತಲಶ್ಶೇರಿಯ ಞಾಟ್ಯೇಲ ಶ್ರೀಧರನ್ ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟುತ್ತಿದ್ದವರು. ಇಪ್ಪತ್ತೈದು ವರ್ಷ ಕೈಯಲ್ಲೇ ಬರೆದು ಮಲಯಾಳ, ಕನ್ನಡ, ತಮಿಳು, ತೆಲುಗುಗಳ ಚತುರ್ಭಾಷಾ ನಿಘಂಟು ಮಾಡಿದರು; ಅದು 2020ರಲ್ಲಿ ಅಚ್ಚಾಯಿತು. ಪದ ಕೇಳಿಕೊಂಡು ಆಯಾ ನಾಡುಗಳಿಗೆ ಹೋಗಿಬಂದರಂತೆ. ಸೊಲ್ಲಾಪುರದಲ್ಲೂ ಬೀಡಿ ಕಟ್ಟುವವರು ಬಹಳ, ಹೆಚ್ಚಿನವರು ತೆಲುಗು ಮನೆಮಾತಿನ ಹೆಂಗಸರು. ನೆರೆಯವರೊಡನೆ ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡಬಲ್ಲವರು. ಅವರ ನಡುವಿನಿಂದ ಇಂಥದೊಂದು ಕೋಶ ಇನ್ನೂ ಹೊರಬಂದಿಲ್ಲ. ಶ್ರೀಧರನ್ ಅವರ ನಿಘಂಟಿನಲ್ಲಿ ಮರಾಠಿ ಇಲ್ಲವಾದ್ದರಿಂದ ಅಕ್ಕಲಕೋಟೆಯ ಮಾಸ್ತರು ಮರಾಠಿ ಪದವನ್ನು ಮೊದಲು ಮೋಲ್ಸ್‌ವರ್ತ್‌ನ ಇಂಗ್ಲಿಷಿಗೆ ಒಯ್ದು, ಅಲ್ಲಿಂದ ಇನ್ನೊಂದು ಕೋಶ ಹಿಡಿದು ಕನ್ನಡಕ್ಕೆ ತರುತ್ತಾರೆ, ಮೊದಲು ಕಾಗದದಲ್ಲಿ ಮಾಡುತ್ತಿದ್ದಂತೆಯೇ ಈಗ ಮೊಬೈಲಿನಲ್ಲಿ.