ಹೊಸದಾಗಿ ಮಾಡಿದ್ದೆಲ್ಲ ಪೇಟೆಂಟ್ ಆಗಲ್ಲ: ಒಂದು ಲೇತಿನ ಕಥೆ

ಪಾಂಡವಪುರ, ಕೆ.ಆರ್.ಪೇಟೆ ಕಡೆ ಲೇತ್ ಅಂಗಡಿಯವರು ಪಂಪಿನ ಕಪ್ಲಿಂಗನ್ನ ನಮ್ಮ ಅಳತೆಗೆ ಮಾಡಿಕೊಡ್ತಾರೆ. ಮಾಲು ಮಾರಕ್ಕೆ ಬರೋರು ಕೆಲವರು "ಇದು ಪೇಟೆಂಟ್ ಆಗಿರೋದು, ಬೇರೆ ಯಾರೂ ಮಾಡಂಗಿಲ್ಲ" ಅಂತ ಹೆದರಿಸಿ ರೇಟು ಏರಿಸ್ತಾರೆ. ಆ ಮಾತು ಎಷ್ಟು ದಿಟ ಅನ್ನೋದಕ್ಕೆ ಈ ಇತಿಹಾಸ ಗೊತ್ತಿರಬೇಕು.

ಕಪ್ಲಿಂಗ್ ಕೆಲಸ ನಿಮಗೆ ಗೊತ್ತೇ ಇದೆ. ಮೋಟರಿನ ಶಾಫ್ಟು, ಪಂಪಿನ ಶಾಫ್ಟು ಕೂದಲೆಳೆಯಷ್ಟೂ ಆಚೀಚೆ ಇಲ್ಲದಂಗೆ ಕೂರಿಸೋದು ಕಷ್ಟ. ನಡುವೆ ರಬ್ಬರ್ ಇದ್ದರೆ ಅದು ಬಾಗಿ ಸರಿದೂಗಿಸುತ್ತೆ, ಜರ್ಕ್ ತಡೆಯುತ್ತೆ, ಬೇರಿಂಗ್ ಉಳಿಯುತ್ತೆ. ರೊಟವೇಟರಿಗೆ ಹೋಗೋ ಪಿಟಿಓ ಶಾಫ್ಟಿನ ಕ್ರಾಸ್ ಇನ್ನೂ ಹಳೇದು. 17ನೇ ಶತಮಾನದಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್ ಅಂಥ ಜಾಯಿಂಟಿನ ಬಗ್ಗೆ ಬರೆದಿದ್ದ. ಇಂಥ ಹಳೇ ವಸ್ತುವಿಗೆ ಸಣ್ಣ ಬದಲಾವಣೆ ಮಾಡಿದರೆ ಅದು ಹೊಸ ಆವಿಷ್ಕಾರವೋ, ಕೈಕೆಲಸದ ಜಾಣತನವೋ? ಜಗಳ ಇರೋದೇ ಇಲ್ಲಿ.

1851ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಾಗಿಲ ಹಿಡಿಯ ಕೇಸು ಹೋಗಿತ್ತು. ಮರ, ಲೋಹದ ಬದಲು ಜೇಡಿಮಣ್ಣಲ್ಲಿ ಮಾಡಿದ್ದರು, ಅಷ್ಟೇ. ಅದು ಒಳ್ಳೇ ಕಸುಬುದಾರನ ಕೆಲಸ, ಆವಿಷ್ಕಾರ ಅಲ್ಲ ಅಂತ ಕೋರ್ಟು ಹೇಳ್ತು.

ನಮ್ಮ ದೇಶದ ದೊಡ್ಡ ಕೇಸು ಉತ್ತರ ಪ್ರದೇಶದ ಮಿರ್ಜಾಪುರದ್ದು. ಪಾತ್ರೆ ಮಾಡೋ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರಲ್ಲಿ ಪೇಟೆಂಟ್ ಹಾಕಿತ್ತು. ಲೇತಿನಲ್ಲಿ ತಿರುಗಿಸುವಾಗ ಪಾತ್ರೆ ಕಿತ್ತು ಹಾರೋ ಅಪಾಯ ಇತ್ತು. ಅದಕ್ಕೆ ಎದುರಿಂದ ಚೂಪು ತುದಿಯ ಶಾಫ್ಟೊಂದು ಪಾತ್ರೆಯನ್ನ ಒತ್ತಿ ಹಿಡಿಯೋ ವ್ಯವಸ್ಥೆ ಮಾಡಿದ್ದರು. ಬಿಶ್ವನಾಥ್ ಪ್ರಸಾದ್ ರಾಧೇ ಶ್ಯಾಮ್ ಅನ್ನೋ ಸಂಸ್ಥೆ ಜೊತೆ ವ್ಯಾಜ್ಯ ಬಿತ್ತು. ಅಲಹಾಬಾದ್ ಹೈಕೋರ್ಟಲ್ಲಿ ಒಬ್ಬ ಜಡ್ಜ್ ಪೇಟೆಂಟ್ ರದ್ದು ಮಾಡಿದರು, ಮೇಲಿನ ಪೀಠ ಉಳಿಸಿತು. ಕೊನೆಗೆ 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದೇ ಮಾಡ್ತು. ಎದುರಿಂದ ಒತ್ತಿ ಹಿಡಿಯೋ ಟೇಲ್ ಸ್ಟಾಕ್ ಲೇತ್ ಕಸುಬಿನೋರಿಗೆ ಮೊದಲೇ ಗೊತ್ತಿದ್ದದ್ದು, ಇದು ವರ್ಕ್‌ಶಾಪಿನ ಸುಧಾರಣೆ ಅಷ್ಟೇ ಅಂತು. ಪೇಟೆಂಟ್ ಹಾಕಿದಲ್ಲಿಂದ ಕೊನೇ ತೀರ್ಪಿನ ತನಕ 27 ವರ್ಷ!

ಹಂಗಂತ ಸಣ್ಣ ಬದಲಾವಣೆಗೆ ಪೇಟೆಂಟೇ ಇಲ್ಲ ಅಂದ್ಕೋಬೇಡಿ. ಹಳೇ ಭಾಗಗಳೇ ಒಂದಕ್ಕೊಂದು ಸೇರಿ ಹೊಸ ಫಲ ಕೊಟ್ಟರೆ ಅದು ಆವಿಷ್ಕಾರ ಆಗಬಹುದು ಅಂತಾನೂ ಅದೇ ತೀರ್ಪಲ್ಲಿದೆ. ನಾಲ್ಕು ಬೋಲ್ಟಿನ ಕಪ್ಲಿಂಗಿಗೆ ಆರು ಬೋಲ್ಟು ಹಾಕಿದೆ ಅನ್ನೋದು ಸಾಲದು, ಅಷ್ಟೇ.

ಈಗ ಇರೋದು 1970ರ ಕಾಯ್ದೆ. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಆಮೇಲೆ ಯಾರು ಬೇಕಾದ್ರೂ ಮಾಡಬಹುದು. ಮಂಜೂರಾಗೋಕೆ ಮುಂಚೆ ಯಾರು ಬೇಕಾದರೂ ತಕರಾರು ಕೊಡಬಹುದು. ಪೇಟೆಂಟ್ ಇಲ್ಲದ ಮಾಲನ್ನ ಪೇಟೆಂಟ್ ಅಂತ ಹೇಳಿ ಮಾರಿದರೆ ದಂಡ ಇದೆ. ಅರ್ಜಿ ಹಾಕಿದೀನಿ ಅನ್ನೋದೂ ಪೇಟೆಂಟ್ ಸಿಕ್ಕಿದೆ ಅನ್ನೋದೂ ಒಂದೇ ಅಲ್ಲ.

ಅದಕ್ಕೇ ಅಣ್ಣಂದಿರಾ, ಇನ್ನು ಯಾರಾದರೂ ಹಂಗೆ ಹೆದರಿಸಿದರೆ ನಂಬರ್ ಕೇಳಿ, ಯಾವ ವರ್ಷದ್ದು ಕೇಳಿ. ಇಂಟರ್ನೆಟ್ಟಲ್ಲಿ ಪೇಟೆಂಟ್ ಆಫೀಸಿನ ಪುಟದಲ್ಲಿ ಆ ನಂಬರ್ ಪುಕ್ಕಟೆ ನೋಡಬಹುದು. ನಮಗೆ ಬರದಿದ್ದರೆ ಮನೇಲಿ ಓದೋ ಮಕ್ಕಳು ನೋಡಿ ಹೇಳ್ತಾರೆ. ನಮ್ಮ ಲೇತ್ ಅಂಗಡಿಯವರಿಗೂ ಇದನ್ನ ಓದಿ ಹೇಳಿ.