ಒಗರು ಮತ್ತು ಅಳತೆ: ನೆಲ್ಲಿಕಾಯಿಯ ಅಂಕಿಯೊಂದರ ಚರಿತ್ರೆ

ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿರುವ ವೈದ್ಯನಾಥಪುರವು ತನ್ನ ಹೆಸರನ್ನು ಅಲ್ಲಿಯ ವೈದ್ಯನಾಥೇಶ್ವರನಿಂದ ಪಡೆದಿದೆ. ಚರ್ಮವ್ಯಾಧಿಗಳನ್ನು ಕಳೆಯುವ ದೈವವೆಂದು ಸುತ್ತಣ ಜನ ಈತನಿಗೆ ನಡೆದುಕೊಳ್ಳುತ್ತಾರೆ. ಇಂಥ ಕ್ಷೇತ್ರಗಳನ್ನೂ ಅವುಗಳ ಆಸುಪಾಸಿನ ಮನೆಮದ್ದುಗಳನ್ನೂ ಕುರಿತು ಬರೆಯುವಾಗ ಜಾನಪದ ವಿದ್ವಾಂಸರಾದ ನಮ್ಮಲ್ಲಿ ಒಂದು ರೂಢಿ ಬೆಳೆದುಬಂದಿದೆ. ನಂಬಿಕೆಯನ್ನು ವಿವರಿಸಿ, ಅದರ ಸಮರ್ಥನೆಗೆಂದು ರಸಾಯನಶಾಸ್ತ್ರದಿಂದ ಒಂದು ವಾಕ್ಯವನ್ನು ಎರವಲು ತರುವುದೇ ಆ ರೂಢಿ. ಹೀಗೆ ತಂದ ವಾಕ್ಯಗಳಲ್ಲಿ ‘ಬೆಟ್ಟದ ನೆಲ್ಲಿಕಾಯಿಯಲ್ಲಿ ಸಿ ಜೀವಸತ್ವ ಹೇರಳವಾಗಿದೆ’ ಎಂಬುದು ಅತ್ಯಂತ ಸವೆದ ನಾಣ್ಯ. ಪ್ರಸ್ತುತ ಲೇಖಕನೂ ಅದನ್ನು ಚಲಾಯಿಸಿದವನೇ. 100 ಗ್ರಾಂ ಕಾಯಿಗೆ 600 ಮಿಲಿಗ್ರಾಂ ಎಂಬ ಅಂಕಿಯೂ ಅದರ ಜೊತೆಗೇ ಬರುತ್ತದೆ. ಆ ಅಂಕಿ ಹುಟ್ಟಿದ ಬಗೆಯನ್ನು ಮಾತ್ರ ನಾವು ವಿಚಾರಿಸಿದ್ದು ಕಡಿಮೆ.

ಸಿ ಜೀವಸತ್ವದ ಮೊದಲ ಅಳತೆಗೋಲು ಗಿನಿಯಿಲಿ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಈ ಪ್ರಾಣಿಗೂ ಸ್ಕರ್ವಿ ರೋಗ ಬರುತ್ತದೆಂದು ತೋರಿಸಿದ ಮೇಲೆ, ಎಷ್ಟು ರಸ ಕುಡಿಸಿದರೆ ಅದು ರೋಗದಿಂದ ಪಾರಾಗುತ್ತದೆ ಎಂಬುದೇ ಲೆಕ್ಕವಾಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸವನ್ನು ನಿಮಿಷಗಳಿಗೆ ಇಳಿಸಿದ್ದು ಜರ್ಮನಿಯ ಟಿಲ್ಮನ್ಸ್ ಬಳಕೆಗೆ ತಂದ ಇಂಡೋಫಿನಾಲ್ ಎಂಬ ನೀಲಿ ಬಣ್ಣದ್ರವ್ಯ. ಆಮ್ಲದಲ್ಲಿ ಇದು ಗುಲಾಬಿಯಾಗುತ್ತದೆ. ಆಸ್ಕಾರ್ಬಿಕ್ ಆಮ್ಲ ಸೋಕಿದೊಡನೆ ಬಣ್ಣ ಕಳೆದುಕೊಳ್ಳುತ್ತದೆ. ರಸಕ್ಕೆ ಹನಿಹನಿಯಾಗಿ ಬಣ್ಣವನ್ನು ಬಿಡುತ್ತ ಹೋಗಿ, ಗುಲಾಬಿ ಛಾಯೆ ಅಳಿಯದೆ ಉಳಿದಾಗ ನಿಲ್ಲಿಸಿ, ಖರ್ಚಾದ ಬಣ್ಣವನ್ನು ಲೆಕ್ಕಹಾಕಿದರೆ ಮುಗಿಯಿತು. ಆದರೆ ಬಣ್ಣವನ್ನು ಕಳೆಯುವ ಶಕ್ತಿ ಆಸ್ಕಾರ್ಬಿಕ್ ಆಮ್ಲಕ್ಕೆ ಮಾತ್ರ ಇರುವುದಲ್ಲ. ಅಂಥ ಬೇರೆ ದ್ರವ್ಯಗಳು ರಸದಲ್ಲಿದ್ದರೆ ಅವೂ ಲೆಕ್ಕಕ್ಕೆ ಸೇರುತ್ತವೆ.

ನೆಲ್ಲಿಕಾಯಿಯ ಮಟ್ಟಿಗೆ ಇದು ಸಣ್ಣ ಮಾತಲ್ಲ. ನಾಲಗೆಗೆ ಒಗರಾಗಿ ತಿಳಿಯುವುದೇ ರಸಾಯನಶಾಸ್ತ್ರದ ಟ್ಯಾನಿನ್. 1936ರಲ್ಲಿ ದಾಮೋದರನ್ ಮತ್ತು ನಾಯರ್ ಅವರು ನೆಲ್ಲಿಕಾಯಿಯ ಟ್ಯಾನಿನ್ ಒಂದು ಆಸ್ಕಾರ್ಬಿಕ್ ಆಮ್ಲವನ್ನು ಕೆಡದಂತೆ ಕಾಯುತ್ತದೆಂದು ಪ್ರಕಟಿಸಿದರು. ಒಣಗಿಸಿದ ನೆಲ್ಲಿಚಟ್ಟು ತನ್ನ ಗುಣವನ್ನು ಉಳಿಸಿಕೊಳ್ಳುವುದಕ್ಕೆ ಇದೊಂದು ವಿವರಣೆ. 1939-40ರ ಹಿಸ್ಸಾರ್ ಕ್ಷಾಮದಲ್ಲಿ ಸ್ಕರ್ವಿಗೆ ನೆಲ್ಲಿಯನ್ನೇ ಕೊಡಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಅದು ಪುಡಿಯಾಗಿ, ಮಾತ್ರೆಯಾಗಿ ಸೈನಿಕರಿಗೂ ತಲುಪಿತು. ಅರವತ್ತು ವರ್ಷಗಳ ಬಳಿಕ, 1996ರಲ್ಲಿ, ಘೋಷಾಲ್ ಮತ್ತು ಸಂಗಡಿಗರು ನೆಲ್ಲಿಯ ಗುಣವನ್ನು ‘ಎಂಬ್ಲಿಕಾನಿನ್’ ಎಂಬ ಟ್ಯಾನಿನ್‌ಗಳಿಗೆ ಆರೋಪಿಸಿದರು. ಹಳೆಯ ಅಂಕಿಗಳ ಮೇಲೆ ಶಂಕೆ ಬಿದ್ದಿತು. ಆಸ್ಕಾರ್ಬಿಕ್ ಆಮ್ಲವನ್ನು ಇತರ ದ್ರವ್ಯಗಳಿಂದ ಬೇರ್ಪಡಿಸಿ ಅಳೆಯುವ ದ್ರವ ವರ್ಣರೇಖನ ವಿಧಾನ ಬಂದ ಮೇಲೂ ವಾದ ಪೂರ್ತಿ ತಣಿಯಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನೆಲ್ಲಿಕಾಯಿಯ ಅಂಕಿ 252 ಮಿಲಿಗ್ರಾಂ. ಅದೇ ಸಂಸ್ಥೆಯ ಹಳೆಯ ಕೋಷ್ಟಕದ 600 ಎಲ್ಲಿ ಹೋಯಿತು? ತಳಿ, ಋತು, ಮಾಗಿದ ಹದ ಇವೂ ಅಂಕಿಯನ್ನು ಬದಲಿಸುತ್ತವೆ. ಇಡೀ ವ್ಯತ್ಯಾಸವನ್ನು ವಿಧಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಲೇಖನಗಳಲ್ಲಂತೂ 600 ಇನ್ನೂ ಜೀವಂತವಾಗಿದೆ.

ಕಾಯಿಯ ಅಳತೆ ಒಂದು ಬಗೆಯಾದರೆ ತಿಂದವರ ರಕ್ತದ ಅಳತೆ ಇನ್ನೊಂದು ಬಗೆ. ಜೀವಸತ್ವವನ್ನು ಕೊಟ್ಟು, ಮೂತ್ರದಲ್ಲಿ ಎಷ್ಟು ಹೊರಬಂದಿತೆಂದು ನೋಡುವ ಪರೀಕ್ಷೆ 1930ರ ದಶಕದ್ದು. ಕೊರತೆಯಿರುವ ಶರೀರ ಕೊಟ್ಟದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. 1943ರಲ್ಲಿ ರೋ ಮತ್ತು ಕ್ಯೂಥರ್ ರಕ್ತಕ್ಕೂ ಮೂತ್ರಕ್ಕೂ ಸಲ್ಲುವ ಹೊಸ ಬಣ್ಣಪರೀಕ್ಷೆಯನ್ನು ಕೊಟ್ಟರು. ರಕ್ತದ್ರವದ ಅಂಕಿ ಇತ್ತೀಚಿನ ಊಟವನ್ನು ಹೇಳಿದರೆ ಬಿಳಿ ರಕ್ತಕಣಗಳದು ಶರೀರದ ದಾಸ್ತಾನನ್ನು ಹೇಳುತ್ತದೆ. ರಕ್ತದ್ರವದಲ್ಲಿ ಲೀಟರಿಗೆ 11 ಮೈಕ್ರೊಮೋಲ್‌ಗಿಂತ ಇಳಿದರೆ ಅದನ್ನು ಕೊರತೆಯೆಂದು ಎಣಿಸುವುದು ರೂಢಿ. ತೆಗೆದ ರಕ್ತವನ್ನು ಒಡನೆಯೇ ತಂಪಿನಲ್ಲಿ, ಬೆಳಕು ತಾಗದಂತೆ, ತಕ್ಕ ಆಮ್ಲ ಬೆರೆಸಿ ಕಾಪಾಡದಿದ್ದರೆ ಜೀವಸತ್ವ ಪ್ರಯೋಗಶಾಲೆ ತಲುಪುವ ಮೊದಲೇ ನಾಶವಾಗಿ, ಇಲ್ಲದ ಕೊರತೆಯೊಂದು ದಾಖಲಾಗುತ್ತದೆ. 1996ರಲ್ಲಿ ಲೆವಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಂತೆ, ಒಂದೇ ಬಾರಿಗೆ ಸೇವಿಸಿದ 200 ಮಿಲಿಗ್ರಾಂ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. 500ರಿಂದಾಚೆಗೆ ಹೀರಿಕೆಯ ಪ್ರಮಾಣ ತಗ್ಗಿ, ಹೀರಿಕೊಂಡದ್ದರಲ್ಲೂ ಬಹುಪಾಲು ಮೂತ್ರಕ್ಕೆ ಹೋಗುತ್ತದೆ. ಹಾಗಾಗಿ 600 ಮತ್ತು 252ರ ನಡುವಿನ ಅಂತರ ಕೋಷ್ಟಕದಲ್ಲಿ ಕಂಡಷ್ಟು ತಿಂದವರ ರಕ್ತದಲ್ಲಿ ಕಾಣದು.

ಮತ್ತೆ ವೈದ್ಯನಾಥಪುರದ ಮಾತು. ಒಸಡಿನಲ್ಲಿ ರಕ್ತ, ಚರ್ಮದಲ್ಲಿ ಕೆಂಪು ಚುಕ್ಕೆ, ಮಾಯದ ಗಾಯ ಇವು ಸ್ಕರ್ವಿಯ ಲಕ್ಷಣಗಳಾದುದರಿಂದ, ಹರಕೆ ಹೊತ್ತು ಬಂದವರಲ್ಲಿ ಕೆಲವರಿಗೆ ಇದ್ದುದು ಜೀವಸತ್ವದ ಕೊರತೆಯೇ ಎಂದು ಊಹಿಸಲು ಮನಸ್ಸಾಗುತ್ತದೆ. ಹಿಂದೆ ಬಂದವರ ರಕ್ತವನ್ನು ಅಳೆದವರಿಲ್ಲ; ‘ಚರ್ಮವ್ಯಾಧಿ’ ಎಂಬ ಜನರ ಮಾತು ಹತ್ತಾರು ರೋಗಗಳನ್ನು ಒಳಗೊಳ್ಳುತ್ತದೆ. ಊಹೆಯನ್ನು ಊಹೆಯೆಂದೇ ಬರೆಯಬೇಕು. ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವ ಗೃಹಿಣಿಗೆ 600ರ ಆಸರೆಯೂ ಬೇಕಿಲ್ಲ, 252ರಿಂದ ಆಕೆಗೆ ನಷ್ಟವೂ ಇಲ್ಲ.

ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳ ಕೊರತೆ ಬೇರೆಯೇ ಇದೆ. ತಾಮ್ರದ ಸಂಪರ್ಕ ಸಿ ಜೀವಸತ್ವವನ್ನು ಬೇಗ ಕೆಡಿಸುತ್ತದೆಂಬುದು ಪ್ರಯೋಗಶಾಲೆಗಳಿಗೆ ಬಹುಕಾಲದಿಂದ ತಿಳಿದ ಸಂಗತಿ. ನೆಲ್ಲಿಯ ಮದ್ದನ್ನು ನಾವು ಎಷ್ಟೋ ಕಡೆ ಬರೆದುಕೊಂಡಿದ್ದೇವೆ. ಕಾಯನ್ನು ಯಾವ ತಿಂಗಳಲ್ಲಿ ಕೊಯ್ದರು, ಬಿಸಿಲಿನಲ್ಲಿ ಒಣಗಿಸಿದರೋ ನೆರಳಿನಲ್ಲೋ, ಜಜ್ಜಿದ್ದು ಕಲ್ಲಿನಲ್ಲೋ, ಇಟ್ಟದ್ದು ಮಣ್ಣಿನ ಗಡಿಗೆಯಲ್ಲೋ ತಾಮ್ರದ ಚೊಂಬಿನಲ್ಲೋ ಎಂದು ಕೇಳಿ ಬರೆದುಕೊಂಡ ಪುಟಗಳು ನನ್ನ ಸಂಗ್ರಹದಲ್ಲಿ ಬೆರಳೆಣಿಕೆಯಷ್ಟೂ ಇಲ್ಲ.