ಕಥೆಯ ಕಳ್ಳಿ, ಠಾಣೆಯ ಕಳ್ಳಿ

ಕಳ್ಳನ ಕಥೆ ಕೇಳುವಾಗ ನಾವು ಎಷ್ಟೋ ಸಲ ಪೊಲೀಸರ ಪಕ್ಷ ಬಿಟ್ಟು ಕಳ್ಳನ ಪಕ್ಷ ಸೇರಿಬಿಡುತ್ತೇವೆ. ಆ ಕಳ್ಳತನ ಮಾಡಿದವಳು ಹೆಣ್ಣಾಗಿದ್ದರೆ? ಅದೂ ಚೆಲುವೆ, ಮಾತುಗಾರ್ತಿ, ಯಾರ ಕೈಗೂ ಸಿಗದ ಚಾಲಾಕಿಯಾಗಿದ್ದರೆ? ಇಪ್ಪತ್ತನೇ ಶತಮಾನದ ಆರಂಭದ ಅಪರಾಧ ಕಥೆಗಳು ಇಂಥ ಹೆಣ್ಣುಗಳನ್ನು ಸಾಲುಸಾಲಾಗಿ ಸೃಷ್ಟಿಸಿದವು.

1924ರಲ್ಲಿ ಇಂಗ್ಲೆಂಡಿನ ರಾಯ್ ವಿಕರ್ಸ್ ಬರೆದ ಫಿಡೆಲಿಟಿ ಡವ್ ಅವರಲ್ಲಿ ಒಬ್ಬಳು. ನೋಡಲು ದೇವತೆಯಂಥವಳು, ಉಡುವುದು ಸನ್ಯಾಸಿನಿಯಂತೆ ಬೂದುಬಣ್ಣದ ಸಾದಾ ಉಡುಪು. ಅವಳ ಬೆನ್ನುಹತ್ತಿದ ಇನ್ಸ್‌ಪೆಕ್ಟರ್ ರೇಸನ್‌ಗೆ ಪ್ರತಿಸಲವೂ ಸೋಲೇ ಗತಿ. ಮರುವರ್ಷ ಅಮೆರಿಕದ ಫ್ರೆಡರಿಕ್ ಇರ್ವಿಂಗ್ ಆಂಡರ್ಸನ್ ಸೋಫಿ ಲ್ಯಾಂಗ್ ಎಂಬವಳನ್ನು ತಂದ. ಅವಳ ಹೆಸರಿನಲ್ಲಿ 1934ರಿಂದ 1937ರೊಳಗೆ ಮೂರು ಹಾಲಿವುಡ್ ಚಿತ್ರಗಳೂ ಬಂದವು. ಎಡ್ಗರ್ ವಾಲೆಸ್‌ನ ಫೋರ್ ಸ್ಕ್ವೇರ್ ಜೇನ್ ಕೊಬ್ಬಿದ ಶ್ರೀಮಂತರ ಮನೆಯಲ್ಲಷ್ಟೇ ಕದಿಯುವವಳು. ಇಂಗ್ಲೆಂಡಿನ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು 1918ರಲ್ಲಿ ಅರೆಬರೆಯಾಗಿ ಸಿಕ್ಕಿ, 1928ರಲ್ಲಷ್ಟೇ ಗಂಡಸರಿಗೆ ಸಮನಾಗಿ ದೊರೆಯಿತು. ಈ ಕಥೆಗಳು ಆ ಹೊತ್ತಿನವು. ಮನೆಯ ಹೊಸ್ತಿಲು ದಾಟಿದ ಹೆಣ್ಣಿನ ಬಗ್ಗೆ ಸಮಾಜಕ್ಕಿದ್ದ ಮೋಹ, ಭಯ ಎರಡೂ ಅವುಗಳಲ್ಲಿವೆ.

ಆದರೆ ಈ ಜಾಣೆ ಪಶ್ಚಿಮದ ಆವಿಷ್ಕಾರವೇನಲ್ಲ. ಅರಬ್ಬಿ 'ಸಾವಿರದೊಂದು ರಾತ್ರಿ'ಗಳಲ್ಲಿ ದಲೀಲಾ ಎಂಬ ಮುದುಕಿ ಇದ್ದಾಳೆ. ಅವಳ ಗಂಡ ಖಲೀಫರ ಬಳಿ ಅಧಿಕಾರಿಯಾಗಿದ್ದವನು. ಅವನು ತೀರಿಕೊಂಡ ಮೇಲೆ ಸಂಬಳ ನಿಂತುಹೋಯಿತು. ದಲೀಲಾ ಸೂಫಿಗಳ ಉಣ್ಣೆಯ ಬಟ್ಟೆ ತೊಟ್ಟು ಬಗ್ದಾದಿನ ವ್ಯಾಪಾರಿ, ಬಣ್ಣಗಾರ, ಕತ್ತೆ ಬಾಡಿಗೆಯವನು ಎಲ್ಲರಿಗೂ ಟೋಪಿ ಹಾಕುತ್ತಾಳೆ. ಕೊನೆಗೆ ಖಲೀಫ ಹಾರೂನ್ ರಶೀದರ ಎದುರು ನಿಂತಾಗ ಆಕೆ ಕೇಳುವುದು ಗಂಡನ ಹುದ್ದೆಯನ್ನು. ಅದು ಅವಳಿಗೆ ಸಿಗುತ್ತದೆ ಕೂಡ! ಒಬ್ಬ ವಿಧವೆಯ ಅನ್ನದ ಪ್ರಶ್ನೆಯನ್ನು ಆ ಹಳೆಯ ಕಥೆಗಾರ ನಗುನಗುತ್ತಲೇ ದರ್ಬಾರಿಗೆ ಮುಟ್ಟಿಸಿದ್ದಾನೆ.

ಉರ್ದು ದಾಸ್ತಾನ್‌ಗಳಲ್ಲಿ ವೇಷ ಮರೆಸಿ ಮೋಸದಿಂದ ಗೆಲ್ಲುವವರನ್ನು ಅಯ್ಯಾರರು ಎನ್ನುತ್ತಾರೆ. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಪ್ರಕಟಿಸಿದ 'ತಿಲಿಸ್ಮ್-ಎ-ಹೋಶ್‌ರುಬಾ'ದಲ್ಲಿ ಅಮರ್ ಅಯ್ಯಾರನಿಗೆ ಸರಿಸಾಟಿಯಾಗಿ ನಿಲ್ಲುವವಳು ಸರ್‌ಸರ್ ಎಂಬ ಹೆಣ್ಣು. ಜಫರ್ ಉಮರ್ ಎಂಬ ಪೊಲೀಸ್ ಅಧಿಕಾರಿ 1916ರಲ್ಲಿ ಫ್ರೆಂಚ್ ಕಳ್ಳ ಆರ್ಸೆನ್ ಲ್ಯೂಪಿನ್‌ನನ್ನು 'ನೀಲಿ ಛತ್ರಿ'ಯ ಬಹರಾಮ್ ಆಗಿಸಿದರು. ಮುಂದೆ ಇಬ್ನೆ ಸಫಿ ತಮ್ಮ ಇಮ್ರಾನ್ ಸರಣಿಯಲ್ಲಿ ತೆರೇಸಿಯಾ ಎಂಬ ಮೋಹಕ ಅಪರಾಧಿಯನ್ನು ತಂದರು.

ಕನ್ನಡದಲ್ಲಿ? ನಮ್ಮ ಶೆಟ್ಟಿಹಳ್ಳಿಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಗೆ 'ಸದಾರಮೆ' ಹೆಸರು ತಂದ ನಾಟಕಗಳಲ್ಲಿ ಒಂದು. ಅದರ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಜನರನ್ನು ನಕ್ಕುನಗಿಸಿದರು. 1935ರಲ್ಲಿ ಅದು ಸಿನಿಮಾ ಕೂಡ ಆಯಿತು. ಅಲ್ಲಿ ಕಳ್ಳತನ ಗಂಡಸಿನದು, ಆದರೆ ಕಳ್ಳನ ಕಣ್ಣಿಗೇ ಮಣ್ಣೆರಚಿ ಪಾರಾಗುವ ಬುದ್ಧಿ ಹೆಣ್ಣಿನದು. ಗಂಡುವೇಷ ತೊಡುವವಳೂ ಅವಳೇ. ಅಯ್ಯಾರಿಯ ವಿದ್ಯೆಯೆಲ್ಲ ಇದ್ದೂ ಸದಾರಮೆ ಏನನ್ನೂ ಕದಿಯುವುದಿಲ್ಲ. ತನ್ನ ಮಾನವನ್ನು, ತನ್ನ ದಾರಿಯನ್ನು ಉಳಿಸಿಕೊಳ್ಳುತ್ತಾಳೆ, ಅಷ್ಟೆ. 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಕೊಟ್ಟು, ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಸಾಮಾನ್ಯರಿಗೆ ಓದಿನ ರುಚಿ ಹತ್ತಿಸಿದವರು ಎನ್. ನರಸಿಂಹಯ್ಯನವರು. ಅಲ್ಲಿಯೂ ಮನೆಮಾತಾದದ್ದು ಪತ್ತೇದಾರನ ಹೆಸರೇ.

ಇಷ್ಟೆಲ್ಲ ರಂಜನೆಯ ನಡುವೆ ನಾವು ಕೇಳಬೇಕಾದ ಒಂದು ಪ್ರಶ್ನೆ ಇದೆ. ಕಥೆಯ ಕಳ್ಳಿ ನಮಗೆ ಏಕೆ ಇಷ್ಟವಾಗುತ್ತಾಳೆ? ಅವಳು ಒಳ್ಳೆಯ ಬಟ್ಟೆ ತೊಡುತ್ತಾಳೆ, ಒಳ್ಳೆಯ ಮಾತಾಡುತ್ತಾಳೆ, ದೊಡ್ಡ ಮನೆಯವಳಂತೆ ಕಾಣುತ್ತಾಳೆ. ಫಿಡೆಲಿಟಿ ಡವ್ ಓದುಗರನ್ನು ರಂಜಿಸುತ್ತಿದ್ದ ಕಾಲದಲ್ಲೇ ಲಂಡನ್ನಿನಲ್ಲಿ ಆಲಿಸ್ ಡೈಮಂಡ್ ಎಂಬ ನಿಜವಾದ ಹೆಣ್ಣು ಇದ್ದಳು. ಬಡವರ ಮಗಳು, ಅಂಗಡಿಗಳಲ್ಲಿ ಬಟ್ಟೆ ಕದಿಯುವ ಹೆಂಗಸರ ಗುಂಪಿನ ನಾಯಕಿ. 1925ರ ಕೊನೆಯಲ್ಲಿ ನಡೆದ ಒಂದು ದೊಂಬಿಗಾಗಿ ಮರುವರ್ಷ ಅವಳಿಗೆ ಜೈಲಾಯಿತು. ಅವಳ ಚಾಲಾಕಿತನಕ್ಕೆ ನ್ಯಾಯಾಲಯದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಮ್ಮಲ್ಲಿ ಸ್ಥಿತಿ ಇನ್ನೂ ಕಠೋರವಾಗಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಬರೆದಿಟ್ಟಿತು. 1911ರಲ್ಲಿ ಅದರ ವ್ಯಾಪ್ತಿ ದಕ್ಷಿಣಕ್ಕೂ ಹಬ್ಬಿತು. ಅಂಥ ಸಮುದಾಯದಲ್ಲಿ ಹುಟ್ಟಿದ ಹೆಣ್ಣು ಏನನ್ನೂ ಕದಿಯದೆಯೇ ಕಳ್ಳಿ. ದಫ್ತರಿನಲ್ಲಿ ಹೆಸರು, ಠಾಣೆಯಲ್ಲಿ ಹಾಜರಿ, ಊರು ಬಿಡಲು ಪರವಾನಗಿ, ಇವುಗಳ ನಡುವೆಯೇ ಬದುಕು ಸವೆಯುತ್ತಿತ್ತು. ಹುಬ್ಬಳ್ಳಿ, ಗದಗಗಳಲ್ಲಿ ಸರ್ಕಾರ ಅವರನ್ನು ಕೂಡಿಹಾಕಿದ ಜಾಗಗಳ ನೆನಪು 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದಿದೆ. 1952ರಲ್ಲಿ ಕಾಯ್ದೆ ರದ್ದಾಯಿತು. ಹಣೆಪಟ್ಟಿ ಮಾತ್ರ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಒಂದೇ ಕೆಲಸ, ಎರಡು ತೀರ್ಪು. ದೊಡ್ಡ ಮನೆಯ ಹೆಣ್ಣು ಕದ್ದರೆ ಕಲೆ, ಗುಡಿಸಲ ಹೆಣ್ಣು ಸುಮ್ಮನೆ ರಸ್ತೆಯಲ್ಲಿ ನಡೆದರೂ ಅನುಮಾನ. ಜನ್ಮದಿಂದಲೇ ಒಬ್ಬರನ್ನು ಅಪರಾಧಿ ಎನ್ನುವ ರೋಗ ಹಳೆಯ ಕಾಯ್ದೆಯ ಜೊತೆ ಸಾಯಲಿಲ್ಲ. ಅದು ಯಾವ ಹೆಸರು, ಯಾವ ವೇಷ, ಯಾವ ಕೇರಿಯವರ ಮೇಲಾದರೂ ಬೀಳಬಹುದು. ಕಳ್ಳಿಯ ಕಥೆಗಳನ್ನು ಓದೋಣ, ಮನಸಾರೆ ನಗೋಣ. ಆದರೆ ದಲೀಲಾಳನ್ನು ದರ್ಬಾರಿಗೆ ಕರೆದು ಅವಳ ಕಷ್ಟ ಕೇಳಿದ ಆ ಹಳೆಯ ಕಥೆಗಾರನ ನ್ಯಾಯಬುದ್ಧಿಯಲ್ಲಿ ಸ್ವಲ್ಪವನ್ನಾದರೂ ಪುಸ್ತಕ ಮುಚ್ಚಿದ ಮೇಲೂ ಉಳಿಸಿಕೊಳ್ಳೋಣ.